ಬಲ್ಬಿನ ಬೋರ್ಡಿಗೆ ತೆಂಗಿನಕಾಯಿ

12-11, ಮಂಗಳವಾರ

ಹಾಲು ಉಕ್ಕಿತು. ಒಲೆ ಒರೆಸುತ್ತಿರುವಾಗಲೇ ಬಕ್ಕೇಶನ ಫೋನ್. ಈಗ ಈವೆಂಟ್ ಮ್ಯಾನೇಜರ್ ಅಂತೆ. ಮೊನ್ನೆಯವರೆಗೂ ಶಾಮಿಯಾನ ಕಟ್ಟಿಸುತ್ತಿದ್ದ. ಮಂಡಿ ಸಾಹುಕಾರ ಕರಿಬಸವರಾಜಪ್ಪ ತನ್ನ ಅಂಗಡಿಯ ಸುವರ್ಣ ಮಹೋತ್ಸವಕ್ಕೆ ಪಿ.ಜೆ. ಬಡಾವಣೆಯ ಹಾಲ್‌ನಲ್ಲಿ ‘ಕಂಪನಿ ನಾಟಕದ ಸಂಜೆ’ ಮಾಡಿಸುತ್ತಾನಂತೆ. ಹೀರೋಯಿನ್ ನಾನು. ಊರೂರು ತಿರುಗಿ ಹಳ್ಳಿ ನಾಟಕ ಆಡುವವಳಿಗೆ ದಾವಣಗೆರೆಯಲ್ಲೇ ಪಾರ್ಟು. ಖುಷಿಯಾಯಿತು, ಸುಳ್ಳೇಕೆ?

“ಮೇಡಂ, ಸ್ಟೇಜ್ ಮ್ಯಾಲೆ ಹಳೇ ಕಾಲದ ಬಲ್ಬಿನ ಬೋರ್ಡ್ ಇಡ್ತೀವ್ರಿ. ವಿಂಟೇಜ್ ಫೀಲ್! ಬಂದು ನೋಡ್ರಿ.”

ಹೋಗಿ ನೋಡಿದೆ. ಪ್ಲಾಸ್ಟಿಕ್ ಅಕ್ಷರ, ಒಳಗೆ ಎಲ್‌ಇಡಿ, ಮೇಲೆ ತುಕ್ಕಿನ ಬಣ್ಣದ ಸ್ಪ್ರೇ. ಹೊಸದನ್ನು ತಂದು ದುಡ್ಡು ಕೊಟ್ಟು ತುಕ್ಕು ಹಿಡಿಸಿದ್ದಾರೆ. ಥೂ. ನನ್ನ ಬಾಯಾದರೂ ಸುಮ್ಮನಿರಬೇಕೋ ಬೇಡವೋ... ನಮ್ಮವ್ವನ ಹತ್ತಿರ ಅಸಲಿ ಬೋರ್ಡೇ ಇದೆ ಅಂದುಬಿಟ್ಟೆ.

14-11, ಗುರುವಾರ

ಹರಿಹರ. ಅಣ್ಣ ಕೊಟ್ರೇಶನ ಮನೆ. ಅವ್ವ ಇರುವುದು ಅವನ ಜೊತೆ. ಬಕ್ಕೇಶನೂ ಬಂದಿದ್ದ. ಅಣ್ಣ ಅಟ್ಟದಿಂದ ಬೋರ್ಡು ಇಳಿಸಿದ. ಮರದ ಚೌಕಟ್ಟು, ತಗಡಿನ ಅಕ್ಷರ — ‘ಇಂದೇ ನೋಡಿ’. ಅವ್ವ ಹೀರೋಯಿನ್ ಆಗಿದ್ದ ಕಂಪನಿಯ ಟೆಂಟಿನ ಮುಂದೆ ಉರಿಯುತ್ತಿದ್ದದ್ದು. ಹೋಲ್ಡರ್ ತುಂಬ ಜಿರಳೆ ಹಿಕ್ಕೆ, ಹಲ್ಲಿ ಮೊಟ್ಟೆ. ಬಕ್ಕೇಶ ಮೂಗಿಗೆ ಕರ್ಚೀಫ್ ಹಿಡಿದೇ ಫೋಟೊ ಹೊಡೆದ. ಆ ಗಲೀಜು ನನಗೇನೂ ಅನಿಸಲಿಲ್ಲ. ಆ ಕರ್ಚೀಫ್ ನೋಡಿ ಅಸಹ್ಯವಾಯಿತು.

“ಬಾಡಿಗೆ ಎಷ್ಟು ಕೊಡಾಣ ಅಜ್ಜೀ?”

“ಬಾಡ್ಗಿ ಬ್ಯಾಡಪ್ಪ. ಅವತ್ತು ಸ್ವಿಚ್ ನಾನು ಹಾಕ್ಬೇಕು. ಅಷ್ಟೇ.”

ಕಂಪನಿಯ ಪದ್ಧತಿ ಅದು. ಸಂಜೆ ಹೀರೋಯಿನ್ನೇ ಬೋರ್ಡು ಹಚ್ಚಬೇಕು. ಆಮೇಲೆಯೇ ಅವಳು ಬಣ್ಣಕ್ಕೆ ಕೂರುವುದು, ಆಮೇಲೆಯೇ ಟಿಕೆಟ್. ಬೋರ್ಡಿಗೆ ಕುಂಕುಮ, ಊದುಬತ್ತಿ ಮಾತ್ರ. ಕಾಯಿ ಗೇಟಿನ ಹೊರಗೆ ಕಲ್ಲಿಗೆ ಒಡೆಯುವುದು. ಅವ್ವ ಬಕ್ಕೇಶನಿಗೂ ಹೇಳಿದಳು — “ಉರಿಯೋ ಬಲ್ಬಿಗೆ ಒಂದು ಹನಿ ನೀರು ತಾಕಬಾರ್ದು ನೋಡು. ಸಿಡೀತಾವೆ.”

“ಆಯ್ತಜ್ಜಿ, ಗ್ಯಾರಂಟಿ” ಅಂದ. ಎರಡಕ್ಕೂ.

19-11, ಮಂಗಳವಾರ

ಮತ್ತೆ ಹರಿಹರ. ಅಣ್ಣ ಹೊಸ ವೈರ್ ಎಳೆದಿದ್ದಾನೆ. ಬಣ್ಣ ಹೋದ ಬಲ್ಬುಗಳಿಗೆ ಅವ್ವ ಅಂಗಳದಲ್ಲಿ ಕೂತು ನನ್ನ ನೇಲ್ ಪಾಲಿಶ್ ಬಳಿದಳು. ಬಾಟಲಿ ಖಾಲಿ. ಹಚ್ಚಿ ನೋಡೋಣವೇ ಅಂದರೆ ಬಿಡಲಿಲ್ಲ.

“ಪರೀಕ್ಷೆಗೆ ಒಂದೊಂದೇ ಬಲ್ಬ್ ಹಚ್ಚಿ ನೋಡ್ಕಳ್ರಿ. ಪೂರಾ ಬೋರ್ಡು ಅವತ್ತೇ.”

ಟ್ರಂಕಿನಿಂದ ನೀಲಿ ರೇಷ್ಮೆ ಸೀರೆ ತೆಗೆದಿದ್ದಾಳೆ. ಜರಿ ಕಪ್ಪಾಗಿದೆ. ಬೇರೆ ಕೊಡಿಸುತ್ತೇನೆ ಅಂದೆ. ಬೈಸಿಕೊಂಡೆ.

24-11, ಭಾನುವಾರ, ಮಧ್ಯಾಹ್ನ 3

ಗ್ರೀನ್ ರೂಮು. ಅಂದರೆ ಹಾಲ್‌ನ ಪಾತ್ರೆ ಇಡುವ ಕೋಣೆ. ಸಾರಿನ ಕಮಟು. ಅವ್ವ ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ದೀಪ ಹಚ್ಚಿದ ಮೇಲೆ ತಿನ್ನುತ್ತಾಳಂತೆ. ಬೋರ್ಡು ಸ್ಟೇಜಿನ ನಡುವೆ ನಿಂತಿದೆ. ಚೆಂದ ಕಾಣುತ್ತಿದೆ. ಬಕ್ಕೇಶ ಬಂದ, ಅವ್ವನನ್ನು ನೋಡಿದ, ಏನೋ ಮರೆತವನ ಹಾಗೆ ವಾಪಸ್ ಹೋದ. ಯಾಕೆ?

28-11, ಗುರುವಾರ

ಬರೆಯಲು ಮನಸ್ಸಿರಲಿಲ್ಲ. ಬರೆದರೆ ಪುಸ್ತಕವೂ ನಾರುತ್ತದೆ ಅನಿಸಿತ್ತು. ಬರೆದೇ ಬಿಡುತ್ತೇನೆ.

ಭಾನುವಾರ ನಾಟಕ ಶುರುವಾಗುವ ಹೊತ್ತಿಗೆ ಬಕ್ಕೇಶ ಬಂದ. ಅವ್ವನ ಕಡೆ ನೋಡದೆ ನನಗೆ ಹೇಳಿದ —

“ಸಾಹುಕಾರ್ರ ಮನೇರು ಹೇಳಿದ್ರು ಮೇಡಂ... ಶುಭ ಕಾರ್ಯ, ಮುತ್ತೈದೆ ಕೈಲೇ ಹಚ್ಚಿಸಾಣ ಅಂತ. ಬಸವಣ್ಣೆಮ್ಮೋರು ಹಚ್ತಾರೆ. ಅಜ್ಜಿ ಇಲ್ಲೇ ಕೂಡ್ಲಿ. ಜ್ಯೂಸ್ ಕಳಿಸ್ತೀನಿ.”

ಜ್ಯೂಸ್! ಬಸವಣ್ಣೆಮ್ಮ ಸಾಹುಕಾರನ ಹೆಂಡತಿ. ಗಂಡ ಬದುಕಿದ್ದಾನೆ ಅನ್ನುವುದೇ ಅರ್ಹತೆ. ನಮ್ಮವ್ವ ವಿಧವೆ, ಮೇಲಾಗಿ ನಾಟಕದವಳು. ಬೋರ್ಡು ಬೇಕು, ಕೈ ಬೇಡ. ಮೇಲೆ ಥಳಕು, ಒಳಗೆ ಹುಳುಕು. ನಾನು ಜಗಳಕ್ಕೆ ನಿಂತೆ. ಅವ್ವ ನನ್ನ ಕೈ ಹಿಡಿದಳು.

“ಜನ ಕೂತೈತೆ, ಬ್ಯಾಡ. ಕಾಯಿ ಮಾತ್ರ ಹೊರಗೆ ಒಡೀರಿ ಅಂತ ಹೇಳಪ್ಪ.”

“ಹ್ಞೂಂ ಹ್ಞೂಂ” ಅನ್ನುತ್ತ ಓಡಿದ. ಯಾರಿಗೆ ಹೇಳಿದನೋ!

ಸೈಡ್ ವಿಂಗ್‌ನಿಂದ ನೋಡಿದೆ. ಬಸವಣ್ಣೆಮ್ಮ ಸ್ವಿಚ್ ಒತ್ತಿದರು. ಹತ್ತಿತು. ಇಡೀ ಬೋರ್ಡು. ಕೆಂಪು, ಹಳದಿ, ನೇಲ್ ಪಾಲಿಶ್ ಬಣ್ಣ. ಸೀಟಿ, ಮೊಬೈಲು. ಕರಿಬಸವರಾಜಪ್ಪ ಕಾಯಿ ಎತ್ತಿದ. ನಾನು ಕೂಗಿದೆ, ಬ್ಯಾಂಡಿನವರ ಗದ್ದಲದಲ್ಲಿ ಯಾರಿಗೆ ಕೇಳುತ್ತದೆ? ಬೋರ್ಡಿನ ಕಾಲಿಗೇ ಕುಕ್ಕಿ ಒಡೆದ. ನೀರು ಚಿಮ್ಮಿತು. ಫಟ್. ಫಟ್ ಫಟ್. ಮೊದಲು ‘ಇಂದೇ’ ಹೋಯಿತು. ಆಮೇಲೆ ‘ನೋಡಿ’. ಗಾಜು ಉದುರಿತು, ಹೊಗೆ ಎದ್ದಿತು.

ಆಮೇಲೆ ಚಪ್ಪಾಳೆ. ಎಫೆಕ್ಟ್ ಅಂದುಕೊಂಡರು! ಸಾಹುಕಾರ ಕೈ ಮುಗಿದು ನಕ್ಕ.

ಒಳಗೆ ಅವ್ವ ಕೇಳಿದ್ದು ಒಂದೇ — “ಒಳಗೇ ಒಡೆದ್ರಾ?”

ಅದಾದ ಮೇಲೂ ನಾನು ನಾಟಕ ಆಡಿದೆ. ಹಾಡಿದೆ, ಒನ್ಸ್ ಮೋರ್ ಅಂದಾಗ ಮತ್ತೆ ಹಾಡಿದೆ. ಅವ್ವನೇ ತಳ್ಳಿ ಕಳಿಸಿದ್ದು, ನಿಜ. ಆದರೂ ಆ ಚಪ್ಪಾಳೆ ಇನ್ನೂ ಮೈಗೆ ಅಂಟಿದೆ. ಎಷ್ಟು ಸಲ ಸ್ನಾನ ಮಾಡಿದರೂ ಹೋಗುತ್ತಿಲ್ಲ.

ಇವತ್ತು ಬಕ್ಕೇಶನ ವಾಟ್ಸಾಪ್. ‘ಮೇಡಂ ಬ್ಲಾಸ್ಟ್ ಸೂಪರ್ ಆಯ್ತು. ಮುಂದಿನ ತಿಂಗಳು ಒಂದು ರಿಸೆಪ್ಷನ್ ಐತೆ. ಹಂಗೇ ಮಾಡೋಣ?’ ಬ್ಲಾಕ್ ಮಾಡಿದೆ.

30-11, ಶನಿವಾರ, ಸಂಜೆ, ಹರಿಹರ

ಬೋರ್ಡು ಅಣ್ಣನ ಮನೆಯ ಮುಂದಿನ ಕಟ್ಟೆಯ ಮೇಲೆ ಗೋಡೆಗೆ ಒರಗಿದೆ. ಒಡೆದ ಗಾಜನ್ನು ಚಿಮಟಿಗೆಯಿಂದ ಕಿತ್ತೆವು. ಉಳಿದ ಬಲ್ಬುಗಳು ಅಲ್ಲೊಂದು ಇಲ್ಲೊಂದು. ಅಂಗಡಿಯಲ್ಲಿ ಈಗ ಅಂಥವು ಸಿಗುವುದಿಲ್ಲ. ಅವ್ವ ನೀಲಿ ಸೀರೆ ಉಟ್ಟು ಹೊರಗೆ ಬಂದಳು. ನನಗೆ ತಡೆಯಲಾಗಲಿಲ್ಲ, ಅತ್ತೆ. ಕಣ್ಣು ಒರೆಸಿಕೊಂಡು ಪ್ಲಗ್ ಹಾಕಲು ಹೋದರೆ ಗದರಿದಳು —

“ಒದ್ದೆ ಕೈ! ನಿಂಗೂ ಬುದ್ಧಿ ಇಲ್ಲೇನು?”

ಸೆರಗಿನಿಂದ ನನ್ನ ಬೆರಳುಗಳನ್ನು ಒರೆಸಿದಳು. ಪ್ಲಗ್ ಹಾಕಿದೆ. ಸ್ವಿಚ್ ಅವಳೇ ಒತ್ತಿದಳು. ‘ಇಂದೇ’ ಹತ್ತಲಿಲ್ಲ. ‘ನೋಡಿ’ಯಲ್ಲಿ ನಾಲ್ಕಾರು ಹತ್ತಿದವು.

ಅವ್ವ ಬೀದಿ ಕಡೆ ತಿರುಗಿ ನಿಂತಳು. ಹಿಂದೆ ಬೋರ್ಡು ಹತ್ತಿದ ಕೂಡಲೇ ಜನ ಬರುತ್ತಿದ್ದರಲ್ಲ, ಹಾಗೆ. ಯಾರೂ ಬರುವುದಿಲ್ಲ ಬಾ ಅನ್ನಬೇಕು ಅನ್ನುವಷ್ಟರಲ್ಲಿ ಸೊಪ್ಪು ಮಾರಿ ವಾಪಸ್ ಹೋಗುತ್ತಿದ್ದ ಗುತ್ತೆಪ್ಪ ಸೈಕಲ್ ನಿಲ್ಲಿಸಿ ಒಂದು ಕಾಲು ಊರಿದ.

“ಅಂಜಿನವ್ವಾ, ಇವತ್ತು ಯಾವ ನಾಟಕ ಐತಬೇ?”

ಅವ್ವ ಸೆರಗು ಸರಿಮಾಡಿಕೊಂಡಳು. ಗಂಟಲು ಸರಿಮಾಡಿಕೊಂಡಳು. ನಾನು ಹುಟ್ಟಿದಾಗಿನಿಂದ ಕೇಳಿರದ ದನಿಯಲ್ಲಿ, ಇಡೀ ಬೀದಿಗೆ ಕೇಳುವ ಹಾಗೆ ನಾಟಕದ ಹೆಸರು ಕೂಗಿದಳು.