ಏಳು ಬುಟ್ಟಿ ರೊಟ್ಟಿ

17 ನವೆಂಬರ್ 2002, ರವಿವಾರ. ಸಿಂದಗಿ.

ನಿದ್ದೆ ಹತ್ತುತ್ತಿಲ್ಲ, ಖುಷಿಗೋ ನಾಚಿಕೆಗೋ ತಿಳಿಯದು. ಕಳೆದ ತಿಂಗಳು ಇಲ್ಲಿ ಹಳ್ಳಿಗಳ ಕ್ರೈಸ್ತ ಸಭೆಗಳ ನಾಯಕರಿಗೆ ಶಿಷ್ಯತ್ವದ ತರಬೇತಿ ಕೊಟ್ಟಾಗ ಒಂದೇ ನಿಯಮ ಹಾಕಿದ್ದೆ: ಕಲಿತ ಬೈಬಲ್ ಕಥೆಯನ್ನು ಒಬ್ಬರಿಗೆ ಕಲಿಸಬೇಕು, ಅವರು ಇನ್ನೊಬ್ಬರಿಗೆ. ಹತ್ತು ವರ್ಷದಿಂದ ಇಂಥ ತರಬೇತಿ ಕೊಡುತ್ತಿದ್ದೇನೆ; ಎಲ್ಲರೂ ತಲೆಯಾಡಿಸುತ್ತಾರೆ, ನೋಟ್ಸ್ ಬರೆದುಕೊಳ್ಳುತ್ತಾರೆ, ಉಂಡು ಹೋಗುತ್ತಾರೆ. ಅಷ್ಟೇ.

ಇಂದು ಆಲಮೇಲದ ಪ್ರಾರ್ಥನೆಗೆ ಹೋಗಿದ್ದೆ. ಕಬ್ಬು ಕಡಿಯುವ ತಿಪ್ಪವ್ವ, ನನ್ನ ಮುಖವನ್ನೇ ಎಂದೂ ನೋಡದವಳು, ಎದ್ದು ನಿಂತು ಯೇಸು ಐದು ರೊಟ್ಟಿಯಲ್ಲಿ ಐದು ಸಾವಿರ ಮಂದಿಗೆ ಉಣಿಸಿದ ಕಥೆ ಹೇಳಿದಳು. “ಎಲ್ಲಾರೂ ಉಂಡ ಮ್ಯಾಲೂ ಏಳು ಬುಟ್ಟಿ ಉಳೀತ್ರಿ!”

ಉಳಿದದ್ದು ಹನ್ನೆರಡು ಬುಟ್ಟಿ! ತರಬೇತಿಯಲ್ಲಿ ಬಾಯಿ ತಪ್ಪಿ ಏಳು ಎಂದವನು ನಾನೇ. ದೊಡ್ಡ ಬೋಧಕ!

“ನಿನಗ ಯಾರು ಕಲಿಸಿದ್ರವ್ವಾ?”

“ಕಸ್ತೂರೆವ್ವ ಕಲಿಸಿದ್ಲರಿ. ಅಕಿಗೆ ನಮ್ಮ ಪ್ರಭುದಾಸಪ್ಪಾರು ಕಲಿಸ್ಯಾರ್ರಿ.”

ಪ್ರಭುದಾಸ ನನ್ನ ತರಬೇತಿಗೆ ಬಂದಿದ್ದವನು. ಕಥೆ ಮೂರನೆಯ ಬಾಯಿಗೆ ಮುಟ್ಟಿದೆ, ನನ್ನ ತಪ್ಪೂ ಸಮೇತ! ತಿದ್ದಲು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡೆ. ನಾಳೆ ಪ್ರಭುದಾಸನೊಬ್ಬನಿಗೇ ಹೇಳುತ್ತೇನೆ. ಹನ್ನೆರಡು ಬುಟ್ಟಿ ಅದೇ ದಾರಿಯಲ್ಲಿ ತಿಪ್ಪವ್ವನ ಮನೆ ಮುಟ್ಟಲು ಎಷ್ಟು ದಿನ ಹಿಡಿಯುತ್ತದೋ ನೋಡಬೇಕು.