ಸಾಕ್ಷಿಯ ಹೆಸರು

ಅಕ್ಕಾ,

ಇವತ್ತ ಹಳೆ ಖೂನಿನ ಫೈಲ್ ನೋಡೋ ಸಾಹೇಬ್ರ ಹತ್ರ ಹೋಗಿದ್ದೆ. "ಇಷ್ಟೊಂದ್ರಾಗ ಯಾವುದು ಮೊದ್ಲ ತಗೀತೀರಿ?" ಅಂತ ಕೇಳಿದೆ. "ಸಾಕ್ಷಿ ಜೀವಂತ ಇದ್ದದ್ದು" ಅಂದ್ರು. ನಿನ್ನ ಫೈಲಿನಾಗ ಸಾಕ್ಷಿನೇ ಇದ್ದಿದ್ದಿಲ್ಲ. ಒಂಬತ್ತು ವರ್ಷ ಗಂಟಿನ್ಯಾಗ ಬಿದ್ದಿತ್ತು. ನಿನ್ನ ಗಂಡ ಎರಡನೇ ಲಗ್ನ ಆಗಿ, ಪಿಂಪ್ರಿಯಾಗ ಮೀಸಿ ತಿರುವಿಕೊಂತ ಅಡ್ಡಾಡ್ತಾನ.

"ಬರ್ಕೊಳ್ರಿ, ನನ್ನ ಹೆಸರು ಮರೆಮ್ಮ" ಅಂದೆ. "ಅವತ್ತ ನಮ್ಮೂರಾಗಿದ್ದೆ ಅಂತ ಆಗ ಹೇಳಿದ್ದು ಸುಳ್ಳು. ಬಾಜೂ ಖೋಲಿಯಾಗಿದ್ದೆ. ಅವ ಅಕ್ಕನ ಕುತ್ತಿಗಿ ಹಿಚುಕಿದ್ದು ಕಿಡಕ್ಯಾಗಿಂದ ನೋಡೀನಿ."

ಸಾಹೇಬ್ರು ನಿನ್ನ ಫೈಲ್ ಎಲ್ಲಾದರ ಮ್ಯಾಲ ಇಟ್ರು.

ಅವನ್ನ ಹಿಡಿಯೋ ಮುಂದ ಸಾಕ್ಷಿ ಯಾರಂತ ಅವಗ ಹೇಳ್ರಿ ಅಂತ ಕೈ ಮುಗಿದು ಬಂದೀನಿ. ನನ್ನ ಹೆಸರು ಕೇಳಿ ಅವನ ಎದಿ ಒಡೀಬೇಕು. ಅವತ್ತ ನೀ ಮೂರು ಸಲ ಕೂಗಿದ್ದೂ ಅದೇ ಹೆಸರು.