ಅಳಿಸಿದ ಉಬ್ಬುತಗ್ಗು

ಪ್ರೀತಿಯ ಮೇಡಂ,

ಹುಮನಾಬಾದಿನ ಕಾಲೇಜಿನಲ್ಲಿ ಕಿಟಕಿಗಳಿಗೆ ರಟ್ಟು ಹಚ್ಚಿಸಿ, ಗೋಡೆಯ ಮೇಲೆ ಲೇಸರ್ ಬಿಟ್ಟು ತೋರಿಸಿದ್ದು ನೆನಪಿದೆಯೇ? ನಡುವೆ ಢಾಳ, ಅಂಚಿಗೆ ಬರುತ್ತ ಮಂಕು. "ಬೆಳಕಿಗೂ ಒಂದು ಆಕಾರ ಅದ, ಮಹಾನಂದಾ," ಎಂದಿರಿ. ನಮ್ಮೂರು ಮೋರಖಂಡಿಯಲ್ಲಿ ಕುರಿಗಳನ್ನು ಅಪ್ಪನಿಗೆ ಒಪ್ಪಿಸಿ ತಡವಾಗಿ ಕ್ಲಾಸಿಗೆ ಬರುತ್ತಿದ್ದ ನನ್ನನ್ನು ಆ ಮಾತು ಬಿಡಲೇ ಇಲ್ಲ. ಅದರ ಬೆನ್ನು ಹತ್ತಿಯೇ ಪುಣೆಗೆ ಸಂಶೋಧನೆಗೆ ಬಂದೆ.

ಮೊದಲ ರಜೆಗೆ ಬಂದಾಗ ಬಸವಕಲ್ಯಾಣದ ನಿಮ್ಮ ಮನೆಯಲ್ಲಿ ನನ್ನ ಕೆಲಸ ವಿವರಿಸಿದ್ದೆ. ಎಲ್ಲೋ ದೂರದಲ್ಲಿ ಕಪ್ಪುಕುಳಿಗಳು ಡಿಕ್ಕಿಯಾದಾಗ ಏಳುವ ಗುರುತ್ವದ ಅಲೆ ಹಿಡಿಯಲು, ಕಿಲೋಮೀಟರುಗಟ್ಟಲೆ ದೂರ ನಿಂತ ಕನ್ನಡಿಗಳ ನಡುವೆ ಲೇಸರ್ ಓಡಾಡಬೇಕು. ಕನ್ನಡಿಯ ಮೈ ಶಾಖಕ್ಕೆ ಸದಾ ನಡುಗುತ್ತದೆ. ಬೆಳಕನ್ನು ನಡುವೆ ಗುಡ್ಡೆ ಹಾಕದೆ ಅಗಲಕ್ಕೆ ಸಮನಾಗಿ ಹರಡಿದರೆ ಆ ನಡುಕ ಅಷ್ಟಾಗಿ ಕಾಡುವುದಿಲ್ಲ. ಅಂಥ ಬೆಳಕನ್ನು, ಕನ್ನಡಿ ಪೂರ್ತಿ ನಯವೆಂದಿಟ್ಟುಕೊಂಡು, ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದಾಗ ನೀವು ಎಷ್ಟು ಹೊತ್ತು ನೋಡಿದಿರಿ...

ಆಮೇಲೆ ಒಂದು ದಿನ ನಿಜವಾದ ಕನ್ನಡಿಯೊಂದರ ಅಳತೆ ನನ್ನ ಕೈಗೆ ಬಂತು. ಅದರ ಮೈಮೇಲೆ ಕಣ್ಣಿಗೂ ಬೆರಳಿಗೂ ಸಿಗದಷ್ಟು ಸಣ್ಣ ಉಬ್ಬುತಗ್ಗು. ಅದನ್ನು ಲೆಕ್ಕಕ್ಕೆ ಸೇರಿಸಿದ್ದೇ ತಡ, ಬೆಳಕು ಒಂದು ಮಗ್ಗುಲಿಗೆ ವಾಲಿ, ಅಂಚು ಹರಿದುಹೋಯಿತು. ಮತ್ತೆ ಮತ್ತೆ ಮಾಡಿದೆ, ಅದೇ ಗತಿ. ಕೊನೆಗೆ ಅಳತೆಯಲ್ಲಿದ್ದ ಆ ಉಬ್ಬುತಗ್ಗನ್ನೇ ಅಳಿಸಿಬಿಟ್ಟೆ ಮೇಡಂ. ಚಿತ್ರ ಚಂದ ಬಂತು. ನನಗೆ ಮಾರ್ಗದರ್ಶನ ಮಾಡುವ ಪ್ರೊಫೆಸರು ಶಹಬ್ಬಾಸ್ ಅಂದರು. ಅಳಿಸಿದ್ದನ್ನು ಹೇಳದೆ ಅದೇ ಚಿತ್ರವಿಟ್ಟು ಲೇಖನ ಬರೆದೆ.

ನೀವು ಹಾಸಿಗೆ ಹಿಡಿದಾಗ ನೋಡಲು ಬಂದೆನಲ್ಲ, ಎದ್ದು ಕೂರಲಾಗದ ನೀವು ನನ್ನ ಕೈ ಹಿಡಿದು ಕೇಳಿದ್ದು ಒಂದೇ.

"ಖರೇ ಕನ್ನಡಿ ಹಾಕಿ ನೋಡಿದೇನವ್ವಾ?"

"ನೋಡೀನ್ರಿ ಮೇಡಂ. ಬರೋಬರ್ ಬಂದದರಿ."

"ಹಂಗಾದ್ರ ನನಗ ನಿಶ್ಚಿಂತಿ," ಎಂದು ಕಣ್ಣು ಮುಚ್ಚಿದಿರಿ. ಆಗಲೇ ನಿಮ್ಮನ್ನು ಎಬ್ಬಿಸಿ ಹೇಳಬಾರದಿತ್ತೇ? ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಲ್ಕನೇ ದಿನ ನೀವೇ ಇರಲಿಲ್ಲ.

ನಿಮ್ಮ ಮಣ್ಣಿನ ಕಾರ್ಯ ಮುಗಿಸಿ ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ನೀವು ಕೊನೆಯವರೆಗೂ ನನ್ನ ಹೆಸರು ಹೇಳಿ ಹಿಗ್ಗುತ್ತಿದ್ದಿರೆಂದು ನಿಮ್ಮ ತಂಗಿ ಹೇಳಿದ್ದರು. ಪುಣೆಯ ಎರಡು ಬಸ್ಸು ಹೋದವು, ನನಗೆ ಹತ್ತಲಾಗಲಿಲ್ಲ. ಸುಳ್ಳು ಕೇಳಿಸಿಕೊಂಡು ಹೋದವರ ಮುಂದೆ ಅದನ್ನು ಹ್ಯಾಗೆ ವಾಪಸು ತೆಗೆದುಕೊಳ್ಳಲಿ? ಯಾರ ಕಾಲು ಹಿಡಿಯಲಿ?

ನಿನ್ನೆ ಪ್ರೊಫೆಸರರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ, ಅದನ್ನೇ ತಡೆಯಲಾಗಲಿಲ್ಲ. ಅಚ್ಚಿಗೆ ಹೋಗಬೇಕಿದ್ದ ಲೇಖನವನ್ನು ವಾಪಸು ತರಿಸಿದರು. ನಾನು ಇಲ್ಲಿ ಉಳಿಯಬೇಕೋ ಬೇಡವೋ ಎಂಬುದನ್ನು ಸಮಿತಿ ಹೇಳುತ್ತದಂತೆ. ಅವ್ವನ ಫೋನು ಎರಡು ಸಲ ಬಂತು, ಎತ್ತಲಿಲ್ಲ.

ಇವತ್ತು ಬೆಳಿಗ್ಗೆ ಮೂಲ ಅಳತೆಯನ್ನೂ ಹರಿದ ಬೆಳಕಿನ ಚಿತ್ರವನ್ನೂ, ನಾನು ಏನು ಮಾಡಿದೆನೆಂದು ಬರೆದು, ಜೊತೆಗೆ ಕೆಲಸ ಮಾಡುವ ಎಲ್ಲರಿಗೂ ಕಳಿಸಿದೆ. ಇನ್ನೂ ಒಬ್ಬರೂ ಉತ್ತರ ಕೊಟ್ಟಿಲ್ಲ, ಮೇಡಂ.

ನಿಮ್ಮ
ಮಹಾನಂದಾ